ತಂಗಿಯ ಹೊಸ ವಿಳಾಸ

ಮಾರ್ಚ್ ೧೪, ಗುರುವಾರ.

ಕಳೆದ ತಿಂಗಳು ನೋಂದಣಿ ಕಚೇರಿ ಊರಿನವರೆಲ್ಲರ ವಿಳಾಸಗಳನ್ನು ಸಗಟಾಗಿ ಮಾರಿತು. ಕೊಂಡವರು ಅದನ್ನು ಯಾರು ಬೇಕಾದರೂ ಫೋನಿನಲ್ಲಿ ಹುಡುಕುವಂತೆ ಮಾಡಿದ್ದಾರೆ. ಇವತ್ತು ತಂಗಿಯ ಬಾಡಿಗೆ ಮನೆಯ ಬಾಗಿಲಲ್ಲಿ, ಹೊಡೆತ ತಾಳದೆ ಅವಳು ಬಿಟ್ಟುಬಂದಿದ್ದ ಗಂಡ ನಿಂತಿದ್ದ. "ನಿನ್ನ ಹೆಸರು ಒತ್ತಿದೆ, ಫೋನಲ್ಲೇ ನೀನು ಸಿಕ್ಕಿಬಿಟ್ಟೆ" ಅಂದನಂತೆ.

ಮನೆ ಬದಲಿಸಿದ್ದನ್ನು ಬರೆಸಲೇಬೇಕು, ಅದು ಕಾನೂನು ಎಂದು ಅವಳನ್ನು ಕಚೇರಿಗೆ ಕರೆದೊಯ್ದವನು ನಾನೇ.

ವಿಚಾರಿಸಲು ಹೋದರೆ ಗುಮಾಸ್ತ, "ಸಾರ್ವಜನಿಕ ದಾಖಲೆ ಸಾರ್, ಬೀಗ ಹಾಕೋಕೆ ಇದೇನು ನಿಮ್ಮನೆ ಬೀರುವಾ?" ಎಂದ. ಹಿಂದೆ ಅಲ್ಲೇ ಒಂದು ಪುಟ ನೋಡಲೂ ಕಾರಣ ಬರೆದು ಸಹಿ ಹಾಕಬೇಕಿತ್ತು. ಸಗಟಾಗಿ ಕೊಂಡವರನ್ನು ಯಾರೂ ಕಾರಣ ಕೇಳಿಲ್ಲ.

ಅವನಿಂದ ತಪ್ಪಿಸಿಕೊಂಡು ಬಂದ ತಂಗಿ ಈಗ ನನ್ನ ಕೋಣೆಯಲ್ಲಿ ಮಲಗಿದ್ದಾಳೆ. "ಅಣ್ಣಾ, ಮುಂದಿನ ಮನೇನ ಎಲ್ಲೂ ಬರೆಸೋದು ಬೇಡ" ಅಂದಳು, ಅಷ್ಟೇ. ನನಗೆ ಸಿಟ್ಟೂ ಬರುತ್ತಿಲ್ಲ.

ಆ ಪಟ್ಟಿಯನ್ನು ಯಾರ್ಯಾರಿಗೆ ಮಾರಿದರು, ಯಾರ ಅಪ್ಪಣೆಯಿಂದ? ಎಲ್ಲರೂ ಓದುವಂತೆ ಬರೆದು ಕಚೇರಿಯ ಬಾಗಿಲಿಗೇ ಅಂಟಿಸಲಿ.