ಕ್ರಮ ಸಂಖ್ಯೆ ಹದಿನಾಲ್ಕರ ಕೊನೆಯ ಹಾಳೆ

ಶಾಲಾ ಮಕ್ಕಳ ಓದಿಗೆ ಪುಸ್ತಕ ಆಯ್ಕೆ ಮಾಡುವ ಸಮಿತಿಯ ಅಧ್ಯಕ್ಷರೂ ಆಗಿರುವ ಶಿಕ್ಷಣಾಧಿಕಾರಿಗಳಿಗೆ

ಪೀಣ್ಯ, 19 ಮೇ 2012

ಮಾನ್ಯರೇ,

ಆರು, ಏಳು ಮತ್ತು ಎಂಟನೇ ತರಗತಿಯ ಮಕ್ಕಳಿಗಾಗಿ ನಾನು ಶಿಫಾರಸು ಮಾಡಿದ್ದ ಇಪ್ಪತ್ತು ಕಾದಂಬರಿಗಳಲ್ಲಿ ಹತ್ತೊಂಬತ್ತನ್ನು ತಾವು ಒಪ್ಪಿದ್ದೀರಿ. ಒಂದನ್ನು ಮಾತ್ರ ತೆಗೆದುಹಾಕಿದ್ದೀರಿ. ತಮ್ಮ ಆದೇಶದಲ್ಲಿ ಆ ಪುಸ್ತಕಕ್ಕೆ ಹೆಸರೂ ಇಲ್ಲ, 'ಕ್ರಮ ಸಂಖ್ಯೆ 14' ಎಂದಷ್ಟೇ ಇದೆ. 'ವಿದ್ಯಾರ್ಥಿಗಳಲ್ಲಿ ಅನಗತ್ಯ ಭೀತಿ ಉಂಟುಮಾಡುವ ಸಾಧ್ಯತೆ ಇರುವುದರಿಂದ' ಅದರ ಎಲ್ಲ ಪ್ರತಿಗಳನ್ನು ಹಿಂದಿರುಗಿಸಬೇಕು, ಅದನ್ನು ಓದಿದ ಮಕ್ಕಳ ಹೆಸರುಗಳನ್ನು ಕಳುಹಿಸಬೇಕು ಎಂದು ಬರೆದಿದ್ದೀರಿ. ಭೀತಿ ಅಗತ್ಯವೋ ಅನಗತ್ಯವೋ ಎಂದು ತಿಳಿಯಲು ಯಾರಾದರೂ ಶಾಲೆಗೆ ಬಂದು ನಲ್ಲಿ ತಿರುಗಿಸಿ ನೋಡಿದ್ದರೆ ಸಾಕಿತ್ತು. ಅದು ಇವತ್ತಿನವರೆಗೂ ಆಗಿಲ್ಲ. ಜೂನ್ ಒಂದಕ್ಕೆ ಶಾಲೆ ಮತ್ತೆ ತೆರೆಯುತ್ತದೆ. ಇನ್ನು ಹದಿಮೂರು ದಿನ.

ನನ್ನ ಬಗ್ಗೆ ಎರಡು ಮಾತು ಹೇಳಬೇಕು. ನನಗೆ ನಲವತ್ನಾಲ್ಕು ವರ್ಷ. ಪೀಣ್ಯದ ಒಂದು ಕಾರ್ಖಾನೆಯ ಗುಣಮಟ್ಟ ಪರೀಕ್ಷೆಯ ವಿಭಾಗದಲ್ಲಿದ್ದೇನೆ. ಬೋಲ್ಟು, ನಟ್ಟುಗಳಲ್ಲಿ ದೋಷ ಹುಡುಕುವುದು ನನ್ನ ಕೆಲಸ. ಮೂರು ವರ್ಷಗಳಿಂದ ಶನಿವಾರ ಬೆಳಗ್ಗೆ, ಕಾರ್ಖಾನೆಗಳ ನಡುವೆ ಸಿಕ್ಕಿಕೊಂಡಿರುವ ಒಂದು ಸರ್ಕಾರಿ ಶಾಲೆಗೆ ಹೋಗಿ ಮಕ್ಕಳಿಂದ ಕಾದಂಬರಿ ಓದಿಸುತ್ತೇನೆ. ಶಾಲೆ ಯಾವುದೆಂದು ತಮಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ. ನಾನು ಓದಿದ್ದು ದಾವಣಗೆರೆಯ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ. ಒಂದು ಕನ್ನಡ ಕಾದಂಬರಿಯನ್ನು ಮೊದಲ ಬಾರಿ ಪೂರ್ತಿ ಓದಿ ಮುಗಿಸಿದಾಗ ನನಗೆ ಮೂವತ್ತೆಂಟು ತುಂಬಿತ್ತು. ಇಂಥವಳಿಗೆ ಮಕ್ಕಳ ಓದನ್ನು ನಿರ್ಧರಿಸುವ ಅರ್ಹತೆ ಏನು ಎಂದು ತಾವು ಕೇಳಿದ್ದರೆ ನಾನು ತಡವರಿಸುತ್ತಿದ್ದೆ. ತಾವು ಅದನ್ನು ಕೇಳಲಿಲ್ಲ, ಮಕ್ಕಳ ಹೆಸರು ಕೇಳಿದಿರಿ.

ಹದಿನಾಲ್ಕನೆಯದು ನೂರಿಪ್ಪತ್ತು ಪುಟದ ಪುಟ್ಟ ಕಾದಂಬರಿ. ಹಳ್ಳಿಯ ಹುಡುಗಿಯೊಬ್ಬಳು ಅಜ್ಜಿಯ ಕೋಳಿಗಳನ್ನು ನೋಡಿಕೊಳ್ಳುತ್ತಿರುತ್ತಾಳೆ. ಒಂದು ದಿನ ಕೋಳಿಗಳು ಬಾವಿಯ ನೀರಿಗೆ ಕೊಕ್ಕು ಹಾಕುವುದನ್ನು ನಿಲ್ಲಿಸುತ್ತವೆ. ಹುಡುಗಿ ಹೋಗಿ ದೊಡ್ಡವರಿಗೆ ಹೇಳುತ್ತಾಳೆ, ಯಾರೂ ನಂಬುವುದಿಲ್ಲ. ನೂರು ಪುಟ ಕಳೆದ ಮೇಲೆ ನಂಬುತ್ತಾರೆ. ಅಷ್ಟೇ ಕತೆ. ದೆವ್ವವಿಲ್ಲ, ಕೊಲೆಯಿಲ್ಲ, ಒಬ್ಬರನ್ನೊಬ್ಬರು ಕೆಟ್ಟ ಮಾತಿನಲ್ಲಿ ಬೈಯುವುದೂ ಇಲ್ಲ. ತಮ್ಮ ಸಮಿತಿಯಲ್ಲಿ ಯಾರಾದರೂ ಅದನ್ನು ಓದಿದ್ದಾರೆಯೇ ಎಂಬ ಅನುಮಾನ ನನಗಿದೆ. ಓದಿದ್ದರೆ ಹೆಸರಿನಿಂದ ಕರೆಯುತ್ತಿದ್ದಿರಿ.

ನಮ್ಮ ಶಾಲೆಯ ಓದಿನ ಪೆಟ್ಟಿಗೆಗೆ ಒಂದು ರೂಢಿಯಿದೆ. ಪ್ರತಿ ಕಾದಂಬರಿಯ ಕೊನೆಯ ಖಾಲಿ ಹಾಳೆಯ ಮೇಲೆ ನಾನು ಒಂದೇ ಪ್ರಶ್ನೆ ಬರೆದಿರುತ್ತೇನೆ: 'ಈ ಕತೆಯಲ್ಲಿರುವಂಥದ್ದನ್ನು ನೀವು ಎಲ್ಲಾದರೂ ನೋಡಿದ್ದೀರಾ?' ಓದಿ ಮುಗಿಸಿದವರು ಅದರ ಕೆಳಗೆ ಪೆನ್ಸಿಲಿನಲ್ಲಿ ಒಂದು ಸಾಲು ಬರೆದು ಮುಂದಿನವರಿಗೆ ದಾಟಿಸಬೇಕು. ಹೆಸರು ಬರೆಯುವ ಹಾಗಿಲ್ಲ. ಒಂದು ರಾಕ್ಷಸನ ಕತೆಯ ಕೊನೆಗೆ ಯಾರೋ 'ಹೌದು, ಗಣಿತದ ಸಾರ್' ಎಂದು ಬರೆದಿದ್ದರು. ನಾನೂ ಸಾರೂ ಕೂಡಿಯೇ ನಕ್ಕೆವು. ಮಕ್ಕಳ ಕೈಬರಹ ನನಗೆ ಚೆನ್ನಾಗಿ ಗೊತ್ತಿರುವುದರಿಂದ ಯಾರು ಬರೆದದ್ದೆಂದು ಹೇಳಬಲ್ಲೆ. ಆ ಜಾಣತನವೇ ಮುಂದೆ ಕೇಡು ತಂದಿತು.

ಕಳೆದ ಫೆಬ್ರವರಿಯಲ್ಲಿ ಹದಿನಾಲ್ಕನೇ ಪುಸ್ತಕದ ಒಂದು ಪ್ರತಿಯ ಕೊನೆಯ ಹಾಳೆಯಲ್ಲಿ ಮೂರು ಸಾಲುಗಳಿದ್ದವು. ಬರೆದವರ ಮತ್ತು ಅವರ ತಾಯಂದಿರ ಒಪ್ಪಿಗೆ ಕೇಳಿ ಇಲ್ಲಿ ಕೊಡುತ್ತಿದ್ದೇನೆ.

'ನಮ್ಮ ಸ್ಕೂಲಿನ ನಲ್ಲಿ ಕೆಳಗೆ ಚೆಲ್ಲಿದ ನೀರನ್ನು ನಾಯಿ ಮೂಸಿ ನೋಡಿ ಹೋಗುತ್ತದೆ. ಕುಡಿಯುವುದಿಲ್ಲ.'

'ಮಳೆ ಬಂದ ಮಾರನೇ ದಿನ ನೀರು ಹಳದಿ ಇರುತ್ತದೆ. ಬಿಸಿಲಿಗೆ ಹಿಡಿದರೆ ಚೆನ್ನಾಗಿ ಕಾಣುತ್ತದೆ.'

'ಕೈ ತೊಳೆದರೆ ಉರಿಯುತ್ತದೆ. ಅದಕ್ಕೆ ನಾನು ತೊಳೆಯುವುದಿಲ್ಲ. ಮಿಸ್‌ಗೆ ಹೇಳಬೇಡಿ.'

ಇದನ್ನು ಓದಿ ನಾನು ಏನು ಮಾಡಿದೆ ಗೊತ್ತೇ? ಕೆಂಪು ಪೆನ್ನು ತೆಗೆದು ಮೊದಲ ಸಾಲಿನ ಪಕ್ಕ ಒಂದು ನಕ್ಷತ್ರ ಹಾಕಿದೆ. ಕೆಳಗೆ 'ಕಲ್ಪನೆ ಸೊಗಸಾಗಿದೆ' ಎಂದು ಬರೆದೆ. ಕಾದಂಬರಿ ಮಕ್ಕಳ ಮನಸ್ಸಿಗೆ ಹೀಗೆ ಇಳಿದಿದೆಯಲ್ಲ ಎಂದು ಹಿಗ್ಗಿದೆ. ಅದೇ ವಾರ ತಮ್ಮ ಕಚೇರಿಯ ಶಿಫಾರಸು ನಮೂನೆ ತುಂಬುತ್ತಿದ್ದೆ. ಏಳನೇ ಅಂಕಣ, 'ವಿದ್ಯಾರ್ಥಿಗಳ ಅಭಿಪ್ರಾಯ, ಹೆಸರು ಮತ್ತು ತರಗತಿ ಸಹಿತ'. ಮೂರೂ ಸಾಲುಗಳನ್ನು ಅಲ್ಲಿ ನಕಲು ಮಾಡಿದೆ. ಎದುರಿಗೆ ಮೂರು ಹೆಸರುಗಳನ್ನು ದುಂಡಗೆ ಬರೆದೆ.

ಮೊದಲ ಸಾಲು ಬರೆದವಳನ್ನು ರಾಣಿ ಎಂದು ಕರೆಯುತ್ತೇನೆ. ಅದು ಅವಳ ಹೆಸರಲ್ಲ. ಆಗ ಏಳನೇ ತರಗತಿಯಲ್ಲಿದ್ದಳು. ತಾಯಿ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಮುಂದಿನ ಶನಿವಾರ ಅವಳು ಪುಸ್ತಕ ಹಿಡಿದು ನನ್ನ ಮೇಜಿನ ಮುಂದೆ ನಿಂತಳು.

"ಮಿಸ್, ಇದಕ್ಕೆ ಸ್ಟಾರ್ ಯಾಕ್ ಹಾಕಿದ್ರಿ?"

"ಚೆನ್ನಾಗಿ ಬರ್ದಿದ್ದೀಯಲ್ಲಮ್ಮ, ಅದಕ್ಕೆ."

"ನಾನು ಕತೆ ಬರೀಲಿಲ್ಲ ಮಿಸ್. ನೋಡಿದ್ದು ಬರ್ದಿದ್ದು. ನೀವೇ ನೋಡಿದ್ದೀರಾ ಅಂತ ಕೇಳಿದ್ರಲ್ಲ."

ಅವಳ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು. ಹಿಂದಿನ ಮೂರು ಶನಿವಾರವೂ ಸುತ್ತಿತ್ತು. ಏನಾಯಿತೆಂದು ನಾನು ಕೇಳಿರಲಿಲ್ಲ.

ಯಾಕೆ ಕೇಳಲಿಲ್ಲ ಎಂದು ಎಷ್ಟೋ ದಿನ ಯೋಚಿಸಿದ್ದೇನೆ. ನಾನು ಏಳನೇ ತರಗತಿಯಲ್ಲಿದ್ದಾಗ ಓದಿದ ಕಾದಂಬರಿಗಳಲ್ಲಿ ಹಿಮ ಬೀಳುತ್ತಿತ್ತು. ಮಕ್ಕಳು ನಾನು ಕಂಡಿರದ ತಿಂಡಿಗಳನ್ನು ಬುಟ್ಟಿಯಲ್ಲಿ ಹೊತ್ತು ಹೊರಡುತ್ತಿದ್ದರು. ದಾವಣಗೆರೆಯ ನಮ್ಮ ಬೀದಿಯ ಬಿಸಿಲಾಗಲಿ, ಹತ್ತಿ ಗಿರಣಿಯ ಸೈರನ್ನಾಗಲಿ ಅಲ್ಲಿರಲಿಲ್ಲ. ಪುಸ್ತಕದಲ್ಲಿರುವುದು ಬೇರೆಲ್ಲೋ ಇರುತ್ತದೆ, ಬೀದಿಯಲ್ಲಿರುವುದು ಪುಸ್ತಕಕ್ಕೆ ಬರುವುದಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳದೆಯೇ ನಾನು ಕಲಿತುಬಿಟ್ಟೆ. ಆ ಪಾಠ ಎಷ್ಟು ಗಟ್ಟಿಯಾಗಿತ್ತೆಂದರೆ, ಒಂದು ಮಗು ನಲ್ಲಿಯ ಬಗ್ಗೆ ಬರೆದರೆ ಅದು ನನಗೆ ಸಾಹಿತ್ಯವಾಗಿ ಕಂಡಿತು. ಇಂಥ ಓದುಗರನ್ನು ಮತ್ತೆ ತಯಾರು ಮಾಡಬಾರದು ಎಂದೇ ನಾನು ಈ ಪಟ್ಟಿ ಮಾಡಲು ಕುಳಿತದ್ದು. ಕೊನೆಗೆ ಆ ಮಕ್ಕಳು ನನಗಿಂತ ಚೆನ್ನಾಗಿ ಓದಿದರು.

ಇನ್ನೊಂದು ವಿಷಯ ಒಪ್ಪಿಕೊಳ್ಳಬೇಕು. ಅವತ್ತು ರಾಣಿಯ ಜೊತೆ ನಲ್ಲಿಯ ಹತ್ತಿರ ಹೋಗಿ ಸ್ಟೀಲ್ ಲೋಟದಲ್ಲಿ ನೀರು ಹಿಡಿದೆ. ತೀರ ತೆಳುವಾದ ಹಳದಿ. ಆ ಬಣ್ಣ ನನಗೆ ಪರಿಚಿತ. ನಮ್ಮ ಕಾರ್ಖಾನೆಯ ಬೋಲ್ಟುಗಳು ತುಕ್ಕು ಹಿಡಿಯದಿರಲೆಂದು ಹೊರಗಿನ ಸಣ್ಣ ಘಟಕಗಳಲ್ಲಿ ಲೇಪ ಕೊಡಿಸುತ್ತೇವೆ. ಹಳದಿ ಹೊಳಪು ಸಮನಾಗಿ ಬಂದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ ಪಾಸ್ ಮಾಡುವವಳು ನಾನೇ. ಲೇಪ ಕೊಟ್ಟ ಮೇಲೆ ಉಳಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ಈ ಕೆಲಸದ ಹದಿನೆಂಟು ವರ್ಷಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ. ನೆಲಕ್ಕಿಳಿದು ಈ ನಲ್ಲಿಗೆ ಅದು ಯಾವ ಘಟಕದಿಂದ ಬಂತು ಎಂದು ನನಗೆ ಗೊತ್ತಿಲ್ಲ, ಯಾರ ಮೇಲೂ ಬೆರಳು ತೋರಿಸಲಾರೆ. ಆದರೆ ನನಗೂ ಅದಕ್ಕೂ ಸಂಬಂಧವಿಲ್ಲ ಎಂದು ಹೇಳುವ ಧೈರ್ಯ ಈಗ ಇಲ್ಲ.

ಬಿಸಿಯೂಟ ಹೊರಗಿನಿಂದ ವ್ಯಾನಿನಲ್ಲಿ ಬರುತ್ತದೆ. ಕುಡಿಯುವ ಡ್ರಮ್ಮು ತುಂಬುವುದು, ತಟ್ಟೆ ತೊಳೆಯುವುದು ಶಾಲೆಯ ಬೋರ್‌ವೆಲ್ ನೀರಿನಿಂದ. ಊಟ ಬಡಿಸುವ ಹೆಂಗಸನ್ನು ರಾಮಕ್ಕ ಎಂದಿಟ್ಟುಕೊಳ್ಳಿ.

"ಯಾವಾಗಿಂದ ಹೀಗಿದೆ ರಾಮಕ್ಕ?"

"ಎಲ್ಡ್ ವರ್ಸ ಆಯ್ತು ಕಣ್ ಮೇಡಂ. ತಟ್ಟೇಲಿ ನೀರು ಒಣಗುದ್ರೆ ಅಳದಿ ಕಲೆ ಕೂತ್ಕತದೆ. ಉಡುಗ್ರು ಚಿನ್ನದ ತಟ್ಟೆ ರಾಮಕ್ಕ ಅಂತ ನಗ್ತವೆ. ನಾನೂ ನಗ್ತೀನಿ. ಏನ್ ಮಾಡ್ಲಿ?"

"ನೀವು ಕುಡೀತೀರಾ?"

"ಅಯ್, ನಾನ್ ಮನೆಯಿಂದ ತತ್ತೀನಿ."

ನಾನೂ ಮೂರು ವರ್ಷಗಳಿಂದ ಮನೆಯಿಂದಲೇ ಬಾಟಲಿ ತರುತ್ತಿದ್ದೆ.

ಆಮೇಲೆ ನಡೆದದ್ದು ತಮ್ಮ ಕಡತದಲ್ಲೇ ಇದೆ. ಒಂದು ಬಾಟಲಿ ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟೆ. 'ಕುಡಿಯಲು ಯೋಗ್ಯವಲ್ಲ, ಲೋಹದ ಅಂಶ ಮಿತಿಗಿಂತ ಹಲವು ಪಟ್ಟು ಹೆಚ್ಚು' ಎಂಬ ವರದಿ ಬಂತು. ತಮಗೆ ಕಳುಹಿಸಿದೆ. 'ಮಾದರಿಯನ್ನು ಸಕ್ಷಮ ಪ್ರಾಧಿಕಾರ ಸಂಗ್ರಹಿಸಿಲ್ಲದ ಕಾರಣ ಪರಿಗಣಿಸಲು ಅವಕಾಶವಿಲ್ಲ' ಎಂದು ಉತ್ತರಿಸಿದಿರಿ. ಒಪ್ಪುತ್ತೇನೆ. ಬಾಟಲಿ ಹಿಡಿದ ನನ್ನ ಕೈ ಸಕ್ಷಮವಲ್ಲ. ಆ ನೀರು ಕುಡಿಯುವ ಬಾಯಿಗಳಿಗೆ ಮಾತ್ರ ಅಂಥ ಯಾವ ಷರತ್ತೂ ಇಲ್ಲ, ಒಂದನೇ ತರಗತಿಗೆ ಸೇರಿದರೆ ಸಾಕು. ಹತ್ತು ದಿನಗಳ ನಂತರ ತಮ್ಮ ಕಚೇರಿಯಿಂದ ನಿಜಕ್ಕೂ ಒಂದು ಜೀಪು ಶಾಲೆಗೆ ಬಂತು. ಇಳಿದವರು ನೀರಿನ ಕಡೆ ಹೋಗಲಿಲ್ಲ. ಓದಿನ ಪೆಟ್ಟಿಗೆ ತೆಗೆಸಿ, ಹದಿನಾಲ್ಕನೇ ಪುಸ್ತಕದ ಆರು ಪ್ರತಿಗಳಲ್ಲಿ ಸಿಕ್ಕ ಐದನ್ನು ಕಟ್ಟಿಕೊಂಡು ಹೋದರು.

ಮುಂದಿನ ಶನಿವಾರ ಮುಖ್ಯೋಪಾಧ್ಯಾಯರು ನನ್ನನ್ನು ಗೇಟಿನವರೆಗೆ ಬಿಡಲು ಬಂದರು. "ಮೇಡಂ, ಬೋರ್‌ವೆಲ್ ವಿಚಾರ ನಮ್ ಕೈಲಿಲ್ಲ. ಪುಸ್ತಕದ್ದು ಇಲ್ಲಿಗೆ ಬಿಟ್ಬಿಡಿ. ನಂಗಿನ್ನು ಹದ್ನಾಲ್ಕು ತಿಂಗ್ಳು ಸರ್ವೀಸಿದೆ" ಎಂದರು. ಅವರನ್ನು ಬೈಯುವುದು ಸುಲಭ. ಹದಿನೆಂಟು ವರ್ಷ ಸುಮ್ಮನಿದ್ದ ನನಗೆ ಆ ಅಧಿಕಾರ ಇದೆ ಅನ್ನಿಸಲಿಲ್ಲ.

ಏಪ್ರಿಲ್ ಮೊದಲ ವಾರ, ಒಂದು ಸಂಜೆ, ಬೈಕಿನಲ್ಲಿ ಇಬ್ಬರು ರಾಣಿಯ ಮನೆಗೆ ಹೋದರು. ಅವರದು ಎಂಟು ಮನೆಗಳ ವಠಾರ. ಬಂದವರು ನೇರ ಅವರ ಬಾಗಿಲಿಗೇ ಬಂದು ಹುಡುಗಿಯ ಹೆಸರು ಹೇಳಿ ಕೇಳಿದರಂತೆ. ಜೋರು ಮಾತಿಲ್ಲ. ತಾಯಿ ನನಗೆ ಹೇಳಿದ್ದು ಇಷ್ಟು: "ನಿಮ್ ಮಗಳು ಸಕ್ಕತ್ತಾಗಿ ಬರೀತಾಳಂತೆ ಅಕ್ಕ, ನಾಯಿ ವಿಚಾರ ಬರ್ದಿದ್ಲಂತಲ್ಲ, ಅಂದ್ರು ಮೇಡಂ. ಚೆನ್ನಾಗ್ ಓದ್ಲಿ, ಬರಿಯೋದೆಲ್ಲ ಯಾಕೆ ಈ ವಯಸ್ಸಿಗೆ, ಅಂದ್ರು. ಅವಳ ತಲೆ ಸವರಿ ಹೋದ್ರು."

ಅವರು ಯಾರೆಂದು ನನಗೆ ಗೊತ್ತಿಲ್ಲ. ಕೊನೆಯ ಹಾಳೆಯಲ್ಲಿ ಹೆಸರಿರಲಿಲ್ಲ. ನಾಯಿಯ ಸಾಲಿಗೂ ಆ ಹುಡುಗಿಗೂ ಗಂಟು ಹಾಕಿದ ಕಾಗದ ಈ ಲೋಕದಲ್ಲಿ ಒಂದೇ. ಅದು ನಾನು ತುಂಬಿದ, ತಾವು ಸ್ವೀಕರಿಸಿ ಮೊಹರು ಹಾಕಿದ ನಮೂನೆಯ ಏಳನೇ ಅಂಕಣ. ಅದು ತಮ್ಮ ಮೇಜಿನಿಂದ ಹೇಗೆ ಎದ್ದು ಬೈಕು ಹತ್ತಿತು? ನಾನು ಆರೋಪಿಸುತ್ತಿಲ್ಲ, ಕೇಳುತ್ತಿದ್ದೇನೆ. ಆ ಪುಸ್ತಕ ಓದಿದ ಎಲ್ಲ ಮಕ್ಕಳ ಹೆಸರು ಈಗ ಬೇಕೆನ್ನುತ್ತೀರಿ. ಮೂರು ಹೆಸರು ಕೊಟ್ಟು ಏನಾಯಿತೆಂದು ನೋಡಿದ್ದೇನೆ. ಉಳಿದ ಇಪ್ಪತ್ತಾರು ಹೆಸರು ಕೊಡುವುದಿಲ್ಲ. ಇದಕ್ಕೆ ಯಾವ ಕ್ರಮ ಕೈಗೊಳ್ಳಬೇಕೋ ಕೈಗೊಳ್ಳಿ.

ತಮ್ಮ ಆದೇಶದ ಕೊನೆಯಲ್ಲಿ ಈ ವಯಸ್ಸಿನ ಮಕ್ಕಳಿಗೆ ಎಂಥ ಕಾದಂಬರಿ ಸೂಕ್ತವೆಂಬ ಮಾರ್ಗಸೂಚಿಯಿದೆ. 'ಸಂತೋಷದಾಯಕ, ಪ್ರೇರಣಾದಾಯಕ, ವಿವಾದರಹಿತ.' ಅದನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಹನ್ನೆರಡು ವರ್ಷದ ಮಗುವಿನ ಕೈಗೆ ಕತ್ತಲೆಯನ್ನು ಕೊಡಬೇಕೇ ಎಂದು ಪ್ರತಿ ಪುಸ್ತಕ ಆರಿಸುವಾಗಲೂ ಕೇಳಿಕೊಂಡಿದ್ದೇನೆ. ನನ್ನ ಪಟ್ಟಿಯಲ್ಲಿ ನಗಿಸುವ ಪುಸ್ತಕಗಳೇ ಹೆಚ್ಚು. ಆದರೆ ಈ ಮಕ್ಕಳಿಗೆ ಭಯ ಕೊಟ್ಟದ್ದು ಕಾದಂಬರಿಯೇ? ಅವರ ಬೆರಳು ಉರಿಯುತ್ತಿದ್ದದ್ದು ಪುಸ್ತಕ ಬರುವ ಮೊದಲೇ. ಉರಿ ತಮ್ಮ ಕೈಯ ತಪ್ಪಲ್ಲ, ನೀರಿನದು ಎಂದು ಯೋಚಿಸಬಹುದೆಂಬ ದಾರಿಯನ್ನಷ್ಟೇ ಆ ಪುಸ್ತಕ ತೋರಿಸಿತು. ಹೆದರಿದವರು ಮಕ್ಕಳಲ್ಲ ಎಂದು ನನಗೆ ತೋರುತ್ತದೆ.

ಬೇಸಿಗೆ ರಜೆಯಲ್ಲಿ ರಾಣಿ ಕುಣಿಗಲ್ ಹತ್ತಿರದ ಅಜ್ಜಿಯ ಮನೆಗೆ ಹೋಗಿದ್ದಳು. ಹೋದ ಭಾನುವಾರ ನಮ್ಮ ಮನೆಗೆ ಬಂದಳು, ಪ್ಲಾಸ್ಟಿಕ್ ಚೀಲದಲ್ಲಿ ಆರನೇ ಪ್ರತಿಯನ್ನು ಸುತ್ತಿಕೊಂಡು. ಜೀಪು ಬಂದ ದಿನ ಅದು ಅವಳ ಬ್ಯಾಗಿನಲ್ಲಿತ್ತು. ಪುಸ್ತಕ ಕೊಟ್ಟು ಎರಡೂ ಕೈ ಮುಂದೆ ಚಾಚಿದಳು.

"ನೋಡಿ ಮಿಸ್, ಪೂರ್ತಿ ಹೋಗ್ಬಿಟ್ಟಿದೆ."

ಬೆರಳುಗಳ ಮೇಲೆ ಹೊಸ ಚರ್ಮ ತಿಳಿಗೆಂಪಾಗಿ ಬಂದಿತ್ತು. ಮೊದಲಿದ್ದ ಸಣ್ಣ ಸಣ್ಣ ತೂತಿನಂಥ ಹುಣ್ಣುಗಳ ಗುರುತು ಮಾತ್ರ ಉಳಿದಿತ್ತು. ಒಂದು ತಿಂಗಳ ರಜೆ, ಅಜ್ಜಿಯ ಮನೆಯ ನೀರು, ಇಷ್ಟೇ ಔಷಧ. ಇದಕ್ಕಿಂತ ಸಕ್ಷಮವಾದ ಪರೀಕ್ಷೆ ನನಗೆ ಗೊತ್ತಿಲ್ಲ.

"ಒಂದ್ನೇ ತಾರೀಖು ಸ್ಕೂಲ್ ಶುರು ಅಲ್ವಾ ಮಿಸ್," ಎಂದಳು. "ಡ್ರಮ್ ನಾನೇ ತುಂಬಿಸ್ಬೇಕು."

ನಮ್ಮ ಶಾಲೆಯ ಮಕ್ಕಳ ಸಂಸತ್ತಿನಲ್ಲಿ ಅವಳು ನೀರಿನ ಮಂತ್ರಿ. ಬೆಳಗ್ಗೆ ಮೊದಲು ಬಂದು ಡ್ರಮ್ಮು ತೊಳೆದು, ತುಂಬಿಸಿ, ಲೋಟ ಜೋಡಿಸುವುದು ಅವಳ ಖಾತೆ. "ಈ ಸಲ ಬೇರೆಯವರಿಗೆ ಬಿಟ್ಟುಕೊಡಮ್ಮ" ಎಂದೆ. ಅವಳು ನನ್ನನ್ನೇ ನೋಡಿದಳು.

"ಬೇರೆಯವ್ರ ಕೈಗೆ ಹುಣ್ಣಾಗಲ್ವಾ ಮಿಸ್?"

ಮಾನ್ಯರೇ, ಈ ಪ್ರಶ್ನೆಯನ್ನು ತಮಗೆ ದಾಟಿಸುತ್ತಿದ್ದೇನೆ. ಉತ್ತರ ತಮ್ಮ ಕೈಯಲ್ಲಿದೆ. ಜೂನ್ ಒಂದರ ಮೊದಲು ಸಕ್ಷಮ ಪ್ರಾಧಿಕಾರವನ್ನು ಕರೆತಂದು, ಪೋಷಕರ ಎದುರಿಗೆ ಆ ನೀರಿನ ಮಾದರಿ ತೆಗೆಸಿ. ಫಲಿತಾಂಶ ಬರುವವರೆಗೆ ಮೋಟಾರಿನ ಕೋಣೆಗೆ ಬೀಗ ಹಾಕಿಸಿ, ಶಾಲೆಗೆ ಬೇರೆ ನೀರು ಕೊಡಿಸಿ. ಏಳನೇ ಅಂಕಣವನ್ನು ಯಾರು ಯಾರು ನೋಡಿದರೆಂದು ಲಿಖಿತವಾಗಿ ತಿಳಿಸಿ. ಐದು ಪ್ರತಿಗಳನ್ನು ತಾವೇ ಇಟ್ಟುಕೊಂಡರೂ ಸರಿ, ಒಂದನ್ನಾದರೂ ಓದಿ. ಆ ಕಾದಂಬರಿಯ ದೊಡ್ಡವರಿಗೆ ನಂಬಲು ನೂರು ಪುಟ ಬೇಕಾಯಿತು. ಅಷ್ಟು ಹೊತ್ತು ನಮಗಿಲ್ಲ. ಒಂದನೇ ತಾರೀಖು ಬೆಳಗ್ಗೆ ಒಂಬತ್ತಕ್ಕೆ ಮೋಟಾರು ಶುರುವಾಗುತ್ತದೆ, ಡ್ರಮ್ಮಿನ ಪಕ್ಕ ವಾಸಿಯಾದ ಕೈಗಳ ಒಬ್ಬ ಹುಡುಗಿ ನಿಂತಿರುತ್ತಾಳೆ. ಅವಳು ಆ ನೀರಿಗೆ ಕೈ ಹಾಕದಂತೆ ಪಕ್ಕದಲ್ಲಿ ನಾನೂ ನಿಂತಿರುತ್ತೇನೆ. ತಾವು ಎಲ್ಲಿರುತ್ತೀರಿ?

ಇಂತಿ,
ಕಣ್ಣೆದುರಿನ ಸತ್ಯಕ್ಕೆ ಕೆಂಪು ಶಾಯಿಯಲ್ಲಿ ನಕ್ಷತ್ರ ಹಾಕಿದವಳು,
ಶೈಲಜಾ ರುದ್ರೇಶ್