ಹದಿನೆಂಟನೇ ದಿನವೂ ಚೆನ್ನಾಗಿದ್ದೇನೆ

ಪ್ರೀತಿಯ ಅಪ್ಪ,

ಮೊದಲು ಕ್ಷಮಿಸಿ. ಲಕೋಟೆಯ ಮೇಲೆ ನನ್ನ ಕೈಬರಹ ಕಂಡು ನಿಮ್ಮ ಎದೆ ಧಸಕ್ ಅಂದಿರುತ್ತದೆ. ಹತ್ತು ವರ್ಷದವಳಿದ್ದಾಗಿನಿಂದ ಪ್ರತಿ ಭಾನುವಾರ ಸ್ಕೂಲ್ ಹಾಸ್ಟೆಲ್ಲಿನಿಂದ ನಾನು ಬರೆದ ಕಾಗದಗಳಲ್ಲೆಲ್ಲ ‘ಚೆನ್ನಾಗಿದ್ದೇನೆ’ ಅಂತಲೇ ಇರುತ್ತಿತ್ತು. ವಾರ್ಡನ್ ಮೇಡಂ ಓದಿ ಅಂಟಿಸುತ್ತಿದ್ದರಲ್ಲ, ಬೇರೇನು ಬರೆಯಲಿ? ಈ ಕಾಗದವನ್ನು ಯಾರೂ ಓದಿಲ್ಲ. ಇದರಲ್ಲೂ ನಾನು ಚೆನ್ನಾಗಿದ್ದೇನೆ. ಈಗ ಅದೇ ದೊಡ್ಡ ತೊಂದರೆ.

ಫೋನ್ ಮಾಡಬಹುದಿತ್ತು. ಆದರೆ ಕಷ್ಟದ ಪ್ರಶ್ನೆ ಕೇಳಿದ ಕೂಡಲೇ ನೀವು “ಗಿರಾಕಿ ಬಂದ್ರು ಮರಿ, ಇಡ್ತೀನಿ” ಅನ್ನುತ್ತೀರಿ. ಒಂದು ಸಲ ಮನೆಯಲ್ಲಿ ಸ್ನಾನಕ್ಕೆ ಹೊರಟಿದ್ದಾಗಲೂ ನಿಮಗೆ ಗಿರಾಕಿ ಬಂದಿದ್ದರು. ಅದಕ್ಕೇ ಇದನ್ನು ಕೊರಿಯರ್‌ನಲ್ಲಿ ಅಂಗಡಿಯ ವಿಳಾಸಕ್ಕೇ ಕಳಿಸುತ್ತಿದ್ದೇನೆ. ನಾಳೆ ಮಧ್ಯಾಹ್ನ ಸಿಗುತ್ತದೆ. ಅಮ್ಮನಿಗೆ ಈಗಲೇ ತೋರಿಸಬೇಡಿ. ಕನ್ನಡಕ ರಿಪೇರಿಯ ಟೇಬಲ್ಲಿನ ಮುಂದೆ ಕೂತು ಒಬ್ಬರೇ ಓದಿ.

ಇವತ್ತು ಬೆಳಿಗ್ಗೆ ಆಸ್ಪತ್ರೆಯ ಸ್ಕ್ಯಾನ್ ವಿಭಾಗದಿಂದ ಸಿಸ್ಟರ್ ಫೋನ್ ಮಾಡಿದ್ದರು. ಥೈರಾಯ್ಡ್ ಮಾತ್ರೆ ನಿಲ್ಲಿಸಿದವರನ್ನೆಲ್ಲ ನಡುವೆ ಒಮ್ಮೆ ವಿಚಾರಿಸುತ್ತಾರಂತೆ. ಪಟ್ಟಿ ಓದಿದ ಹಾಗೆ ಕೇಳಿದರು. ಚಳಿ ಆಗ್ತಿದೆಯಾ? ಇಲ್ಲ. ಸುಸ್ತು? ಇಲ್ಲ. ಮುಖ ಊದಿದೆಯಾ, ಮಲಬದ್ಧತೆ, ಮರೆವು? ಇಲ್ಲ ಸಿಸ್ಟರ್, ಮೊನ್ನೆ ಇಂಟರ್ನಲ್ಸ್‌ನಲ್ಲಿ ಇಪ್ಪತ್ತೈದಕ್ಕೆ ಇಪ್ಪತ್ತೆರಡು ಬಂತು. ಸಿಸ್ಟರ್ ಪಟ್ಟಿ ಬಿಟ್ಟು ಕೇಳಿದರು: “ಹದಿನೆಂಟು ದಿನ ಆದ್ಮೇಲೂ ಇಷ್ಟು ಚೆನ್ನಾಗಿದೀಯಾ? ನಿಜ ಹೇಳಮ್ಮ, ಮಾತ್ರೆ ನಿಲ್ಸಿದೀಯಾ ಇಲ್ವಾ?”

ಅಪ್ಪ, ನನಗೆ ಎಷ್ಟು ರೇಗಿತು ಗೊತ್ತಾ? ನಾಲ್ಕು ದಿನದಿಂದ ಮೆಸ್‌ನಲ್ಲಿ ಬರೀ ಅನ್ನ, ಬೇಯಿಸಿದ ಆಲೂಗಡ್ಡೆ, ಸೇಬು ತಿನ್ನುತ್ತಿದ್ದೇನೆ. ಅಯೋಡಿನ್ ಉಪ್ಪಿಲ್ಲ, ಹಾಲಿಲ್ಲ, ಮೊಟ್ಟೆಯಿಲ್ಲ. ಅಡುಗೆಯವರು “ಯಾರ ಮೇಲಮ್ಮ ಈ ಕೋಪ? ಹುಡುಗ ಸಿಕ್ಕಿದ್ರೆ ನಾನೇ ಮಾತಾಡ್ತೀನಿ ಬಿಡು” ಅಂತ ಇಡೀ ಸಾಲಿಗೆ ಕೇಳುವ ಹಾಗೆ ಅನ್ನುತ್ತಾರೆ. ಇಷ್ಟೆಲ್ಲ ಅನುಭವಿಸಿದ ಮೇಲೆ ಈ ಸಿಸ್ಟರ್ ನನ್ನನ್ನು ಕಳ್ಳಿ ಅನ್ನೋದಾ? “ಆಣೆ ಮಾಡಿ ಹೇಳ್ತೀನಿ, ನಿಲ್ಸಿದೀನಿ” ಅಂದುಬಿಟ್ಟೆ. ಫೋನ್ ಇಟ್ಟ ಮೇಲೆ ಕಣ್ಣು ನೀವು ಕಳಿಸಿದ ಡಬ್ಬಿಯ ಮೇಲೆ ಹೋಯಿತು. ಏಳು ಮುಚ್ಚಳದ ಆ ನೀಲಿ ಡಬ್ಬಿ.

ಮಾತ್ರೆ ನಿಲ್ಲಿಸುವ ವಿಷಯ ಹೇಳಿದಾಗ ನೀವೇನಂದಿರಿ ನೆನಪಿದೆಯಾ? “ಆಯ್ತು ಮರಿ. ಅದರ ಬದಲು ವಿಟಮಿನ್ ಹಾಕಿ ಕಳಿಸ್ತೀನಿ. ಎದ್ದ ತಕ್ಷಣ ನುಂಗೋ ಅಭ್ಯಾಸ ತಪ್ಪಿದ್ರೆ ಆಮೇಲೆ ಕಷ್ಟ.” ಸರಿಯೇ ಅನ್ನಿಸಿತು. ಹಾಸ್ಟೆಲ್ಲಿನಲ್ಲಿ ಬೆಳೆದವಳು ನಾನು, ಗಂಟೆ ಹೊಡೆದರೆ ಎದ್ದು, ಕೊಟ್ಟದ್ದನ್ನು ನುಂಗುವವಳು. ಅಯೋಡಿನ್ ಇಲ್ಲದ ವಿಟಮಿನ್ ಆದರೆ ಪರವಾಗಿಲ್ಲ ಅಂತ ಸಿಸ್ಟರೂ ಹೇಳಿದ್ದರು. ನೀವು ಸ್ಕ್ರೂ ಹಿಡಿಯುವ ಚಿಮಟದಲ್ಲಿ ಒಂದೊಂದೇ ಮಾತ್ರೆ ಎತ್ತಿ ನಾಲ್ಕು ವಾರಕ್ಕಾಗುವಷ್ಟು ತುಂಬಿ ಕಳಿಸಿದಿರಿ. ಹದಿನೆಂಟು ದಿನ ನಾನು ನೋಡದೆ ನುಂಗಿದೆ.

ಹಳೆಯ ಥೈರಾಯ್ಡ್ ಮಾತ್ರೆ ಒಂದು ನನ್ನ ಪೆನ್ಸಿಲ್ ಬಾಕ್ಸಿನಲ್ಲಿತ್ತು. ಅದನ್ನೂ ಡಬ್ಬಿಯದೊಂದನ್ನೂ ಕಪ್ಪು ನೋಟ್‌ಬುಕ್ಕಿನ ಮೇಲೆ ಅಕ್ಕಪಕ್ಕ ಇಟ್ಟೆ. ಅದೇ ಬಿಳಿ, ಅದೇ ಸೈಜು, ನಡುವೆ ಅದೇ ಗೆರೆ. ರೂಮ್‌ಮೇಟ್ ಬಗ್ಗಿ ನೋಡಿ, “ಇದೇನೇ, ಅವಳಿ ಮಕ್ಕಳಾ?” ಅಂದಳು. ಕಾಲೇಜಿನ ಎದುರಿನ ಮೆಡಿಕಲ್ ಶಾಪಿನವರು ಕನ್ನಡಕ ಹಣೆಗೇರಿಸಿ, ಇಳಿಸಿ, “ಸ್ಟ್ರಿಪ್ ಇಲ್ಲದೆ ನಾನು ಹೇಳಲ್ಲಮ್ಮ. ತುಂಬಿದವರನ್ನೇ ಕೇಳು” ಅಂದರು.

ಅದಕ್ಕೇ ಕೇಳುತ್ತಿದ್ದೇನೆ. ಅಪ್ಪ, ಡಬ್ಬಿಯಲ್ಲಿ ಹಾಕಿದ್ದು ಏನು?

ನೀವು ಥೈರಾಯ್ಡ್ ಮಾತ್ರೆಯನ್ನೇ ಹಾಕಿರಬಹುದು ಅಂತ ಯಾಕೆ ಅನ್ನಿಸುತ್ತದೆ ಅಂದರೆ, ಹೋದ ವರ್ಷದ ನಿಮ್ಮ ಮುಖ ನನಗೆ ನೆನಪಿದೆ. ಆಪರೇಷನ್ನಿನಲ್ಲಿ ಕ್ಯಾನ್ಸರ್ ಗಂಟಿದ್ದ ಥೈರಾಯ್ಡನ್ನು ಪೂರ್ತಿ ತೆಗೆದು, ಅಯೋಡಿನ್ ಚಿಕಿತ್ಸೆಗೆ ಮುಂಚೆ ಹಾರ್ಮೋನ್ ಕೊಡದೆ ಬಿಟ್ಟಿದ್ದ ಆ ವಾರಗಳು. ನಾನು ಎರಡು ಸ್ವೆಟರ್ ಹಾಕಿಕೊಂಡು ಅಂಗಡಿಯ ಹಿಂದಿನ ರೂಮಿನಲ್ಲಿ ಕೂತಿರುತ್ತಿದ್ದೆ. ಶೂ ಲೇಸ್ ಕಟ್ಟಲು ಹೋಗಿ, ಯಾವ ತುದಿ ಯಾವುದರ ಕೆಳಗೆ ಅನ್ನೋದು ಮರೆತು ಅತ್ತುಬಿಟ್ಟಿದ್ದೆ. ನೀವು ಮಂಡಿಯೂರಿ ಕಟ್ಟಿದಿರಿ. ಅವತ್ತೇ ಯಾರದೋ ಎಡಗಣ್ಣಿನ ಗಾಜನ್ನು ಬಲಗಡೆ ಕೂರಿಸಿ ಕೊಟ್ಟಿರಿ. ಅವರು ಮೆಟ್ಟಿಲಲ್ಲೇ ಎಡವಿ ವಾಪಸ್ ಬಂದರು. ನೀವು ಬಚ್ಚಲಲ್ಲಿ ನಲ್ಲಿ ಪೂರ್ತಿ ತಿರುಗಿಸಿ ಅಳುತ್ತಿದ್ದದ್ದು ನನಗೂ ಅಮ್ಮನಿಗೂ ಕೇಳಿಸುತ್ತಿತ್ತು. ಕೇಳಿಸದ ಹಾಗೆ ಇಬ್ಬರೂ ಟೀವಿ ನೋಡಿದೆವು. ನಮ್ಮ ಮನೆಯಲ್ಲಿ ಎಲ್ಲರೂ ಇದರಲ್ಲಿ ಗಟ್ಟಿಗರು.

ಆದರೆ ಸ್ಕ್ಯಾನ್ ಯಾಕೆ ಅಂತ ನಿಮಗೆ ಗೊತ್ತು. ಸಿಸ್ಟರ್ ನಮ್ಮಿಬ್ಬರನ್ನೂ ಕೂರಿಸಿಯೇ ಹೇಳಿದ್ದರು: “ಮಾತ್ರೆ ನಿಂತು ಮೈ ಬರಗೆಡಬೇಕು. ಆಗಲೇ ಎಲ್ಲಾದ್ರೂ ಉಳಿದಿರೋ ಚೂರು ಅಯೋಡಿನ್ ಹೀರ್ಕೊಂಡು ಸ್ಕ್ಯಾನಲ್ಲಿ ಕಾಣೋದು.” ನಾನು ದಿನಾ ಮಾತ್ರೆ ನುಂಗಿಕೊಂಡು ಹೋಗಿ ಮಲಗಿದರೆ ಇರುವುದೂ ಕಾಣಿಸದೆ ಹೋಗಬಹುದು. ಆಮೇಲೆ ‘ಏನೂ ಇಲ್ಲ’ ಅಂದರೆ ನಾನು ಅದನ್ನು ನಂಬಲಾ? ಪ್ರತಿ ರಾತ್ರಿ ಕತ್ತು ಒತ್ತಿ ನೋಡಿಕೊಳ್ಳುವವಳು ನಾನು. ನನಗೆ ಬೇಕಾದದ್ದು ಆ ಎರಡು ಪದ, ಆದರೆ ಅಸಲಿಯಾಗಿ ಬೇಕು.

ಇನ್ನೊಂದು ಮಾತು. ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಹತ್ತನೇ ದಿನ ಲಿಫ್ಟ್ ಕೆಟ್ಟಿತ್ತು. ಪುಸ್ತಕ ಹೊತ್ತು ನಾಲ್ಕು ಮಹಡಿ ಹತ್ತಿದೆ, ಉಸಿರು ಕೂಡ ಏರಲಿಲ್ಲ. ಆಗಲೇ ಒಂದು ಕ್ಷಣ ಅನುಮಾನ ಬಂತು. ಮಾರನೇ ದಿನ ಮುಚ್ಚಳ ತೆಗೆದೆ, ಮಾತ್ರೆಯ ಮುಖ ನೋಡಲಿಲ್ಲ, ನುಂಗಿದೆ. ಫರ್ಸ್ಟ್ ಇಯರ್, ಹೊಸ ಜಾಗ, ಇಂಟರ್ನಲ್ಸ್. ಎಲ್ಲರೆದುರು ಲೇಸ್ ಕಟ್ಟಲಾರದೆ ಅಳುವುದು ನನಗೆ ಬೇಡವಾಗಿತ್ತು. ಹಾಗಾಗಿ ಕೋಪವೆಲ್ಲ ನಿಮ್ಮ ಮೇಲೆ ಅಂತ ತಿಳಿಯಬೇಡಿ, ಅರ್ಧ ನನ್ನ ಮೇಲೆ. ಉಳಿದರ್ಧವೇ ನಿಮಗೆ ಸಾಕಷ್ಟಿದೆ.

ಇವತ್ತು ಸಂಜೆಯಿಂದ ಡಬ್ಬಿ ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದೇನೆ. ಬರುವ ಸೋಮವಾರ ರಕ್ತ ಪರೀಕ್ಷೆ, ಅದರಲ್ಲಿ ಹೇಗೂ ಗೊತ್ತಾಗುತ್ತದೆ. ಆದರೆ ಸ್ಕ್ಯಾನಿಗಾಗಿ ನನ್ನ ಹೆಸರಿಗೆ ತರಿಸುವ ವಿಕಿರಣದ ಅಯೋಡಿನ್ ಆ ದಿನಕ್ಕೆ ಮಾತ್ರ, ಆಮೇಲೆ ಕೆಲಸಕ್ಕೆ ಬರುವುದಿಲ್ಲ. ಈ ಬುಧವಾರದೊಳಗೆ ಆಸ್ಪತ್ರೆಗೆ ಹೇಳಿದರೆ ನನ್ನ ಜಾಗ ಕಾಯುತ್ತಿರುವ ಇನ್ನೊಬ್ಬರಿಗೆ ಕೊಡುತ್ತಾರಂತೆ. ನನಗೆ ಮತ್ತೆ ಮೊದಲಿನಿಂದ ಮಾತ್ರೆಯಿಲ್ಲದ ನಾಲ್ಕು ವಾರ, ನೇರ ಸೆಮಿಸ್ಟರ್ ಪರೀಕ್ಷೆಯ ತಲೆಯ ಮೇಲೆ. ಹೋಗಲಿ, ಒಂದೆರಡು ಪೇಪರ್ ಆಮೇಲೆ ಬರೆಯುತ್ತೇನೆ. ಆದರೆ ರಕ್ತದ ರಿಪೋರ್ಟಿನಿಂದ ನಿಮ್ಮ ಬಗ್ಗೆ ತಿಳಿದುಕೊಳ್ಳುವುದು ನನಗಿಷ್ಟವಿಲ್ಲ. ನೀವೇ ಹೇಳಿ.

ಹಾಕಿದ್ದರೆ ‘ಹಾಕಿದೆ’ ಅನ್ನಿ ಸಾಕು. ಬೈಯುವುದಿಲ್ಲ ಅಂತ ಮಾತು ಕೊಡಲಾರೆ, ಮಾತು ಬಿಡುವುದಿಲ್ಲ ಅಂತ ಕೊಡುತ್ತೇನೆ. ಮುಂದಿನ ಸಲ ನಿಜವಾಗಿ ನಿಲ್ಲಿಸಿದಾಗ ಕೊನೆಯ ವಾರ ಮನೆಗೆ ಬರುತ್ತೇನೆ. ನಾನು ನಿಧಾನ ಆಗುವುದನ್ನು ನೀವು ಎದುರಿಗೆ ಕೂತು ನೋಡಬೇಕು. ನಲ್ಲಿ ಬಿಡದೆ ಅಳಿ, ಪರವಾಗಿಲ್ಲ. ಹಾಕಿಲ್ಲದಿದ್ದರೆ ಅದನ್ನೂ ಹೇಳಿ. ಆಗ ಕಾಲು ಹಿಡಿದು ಕ್ಷಮೆ ಕೇಳುತ್ತೇನೆ, ಸಿಸ್ಟರ್ ಹತ್ತಿರ ಇನ್ನೊಂದು ಸಲ ಜಗಳ ಆಡುತ್ತೇನೆ.

ಅಮ್ಮನ ಮಂಡಿನೋವು ಕಡಿಮೆಯಾಗಲಿ, ನಿಮಗೆ ಕಣ್ತುಂಬ ನಿದ್ದೆ ಬರಲಿ. ಗಿರಾಕಿ ಬಂದರೂ ಕಾಯಿಸಿ, ಕಾಗದ ಓದಿದ ತಕ್ಷಣ ಮೊಬೈಲಿಗೆ ಉತ್ತರ ಕಳಿಸಿ. ಬುಧವಾರ ಮಧ್ಯಾಹ್ನದೊಳಗೆ ನನಗೆ ಬೇಕು.

ನಿಮ್ಮ ಮೇಲೆ ರೇಗಿರುವ, ನಿಮ್ಮದೇ
ಮರಿ