ಹೊಟ್ಟಿನಲ್ಲಿ ಸಿಕ್ಕ ಹುಟ್ಟುಪತ್ರ

ಹೊಸ ಗಂಗೊಳ್ಳಿ, ಮೇಲ್ಬಂದರು
ಇಸವಿ ೨೧೦೯, ಕಡಲು ಮುಚ್ಚಿದ ಮೂವತ್ತೊಂದನೆಯ ದಿನ

ನಾನು ಹುಟ್ಟುವುದಕ್ಕೆ ಮೊದಲೇ ಬದುಕುತ್ತಿರುವ ನಿಮಗೆಲ್ಲ ಲೋಲಾಕ್ಷಿ ಆಚಾರಿಯ ನಮಸ್ಕಾರಗಳು.

ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ಸತ್ತವರ ಇಮೇಲುಗಳಿಂದ. ಅದರಲ್ಲಿ ಮುಕ್ಕಾಲು ಪಾಲು 'ಅಭಿನಂದನೆಗಳು, ನೀವು ಗೆದ್ದಿದ್ದೀರಿ' ಎಂದೇ ಶುರುವಾಗುತ್ತದೆ. ಹಾಗಾಗಿ ನನ್ನ ಕನ್ನಡಕ್ಕೂ ಆ ವಾಸನೆ ಸ್ವಲ್ಪ ಹತ್ತಿರಬಹುದು.

ನನ್ನ ಕೆಲಸವನ್ನು ಇಲ್ಲಿ ದೋಣಿನೋಟ ಎನ್ನುತ್ತಾರೆ. ಬಳಸಿದ ಮರದ ದೋಣಿಯನ್ನು ಮಾರುವಾಗ ಅದರ ಬೆಲೆ ಎಷ್ಟೆಂದು ನೋಡಿ ಹೇಳುವುದು. ಹಲಗೆಗೆ ಬೆರಳಿನಿಂದ ಬಡಿದು ಸದ್ದು ಕೇಳುತ್ತೇನೆ, ಕೀಲುಗಳ ಸಂದಿಯಲ್ಲಿ ಸೂಜಿ ಆಡಿಸುತ್ತೇನೆ, ಮರ ಕೊಳೆಯದಂತೆ ಗೇರೆಣ್ಣೆಯನ್ನು ಎಷ್ಟು ವರ್ಷ ಬಿಡದೆ ಬಳಿದಿದ್ದಾರೆ ಎಂದು ಮೂಸಿ ತಿಳಿಯುತ್ತೇನೆ. ನಿಮ್ಮ ಕಾಲದ ಫೈಬರ್ ದೋಣಿಗಳನ್ನು ಈಗ ನೀರಿಗೆ ಇಳಿಸುವಂತಿಲ್ಲ. ಅವು ಸವೆದು ಉದುರಿದ ಪುಡಿ ಮೀನಿನ ಹೊಟ್ಟೆ ಸೇರಿತೆಂದು ನಿಷೇಧಿಸಿ ಬಹಳ ಕಾಲವಾಯಿತು. ದೋಣಿಗೆ ಒದಗುವ ದೊಡ್ಡ ಮರ ಕಡಿಯುವುದೂ ನಿಂತಿದೆ. ತಗ್ಗಿನ ರಸ್ತೆಗಳೆಲ್ಲ ನೀರಿನಡಿಗೆ ಹೋಗಿರುವುದರಿಂದ ಸಂತೆಗೂ ಆಸ್ಪತ್ರೆಗೂ ದೋಣಿಯೇ ಗತಿ. ಆದ್ದರಿಂದ ನೀವು ಸೌದೆಗೆ ಹಾಕುತ್ತಿದ್ದ ದೋಣಿಗಾಗಿ ಇಂದು ಜನ ಸಾಲು ನಿಲ್ಲುತ್ತಾರೆ. ಒಂದೇ ಷರತ್ತು: ದೋಣಿಗೆ ಹುಟ್ಟುಪತ್ರ ಇರಬೇಕು. ಯಾವ ಮರ, ಎಲ್ಲಿಯದು, ಕಟ್ಟಿದವರು ಯಾರು ಎಂದು ಆ ಕಾಲದಲ್ಲೇ ಬರೆದ ಕಾಗದ ಇಲ್ಲವೇ ಇಮೇಲ್ ಅದು. ಅದಿಲ್ಲದಿದ್ದರೆ ಕಳ್ಳ ಮರವೆಂಬ ಅನುಮಾನಕ್ಕೆ ಬೆಲೆ ಅರ್ಧಕ್ಕೆ ಇಳಿಯುತ್ತದೆ.

ಈ ಸಲ ಮಳೆಗಾಲಕ್ಕೆಂದು ಮೀನುಗಾರಿಕೆ ನಿಲ್ಲಿಸಿ ಕಡಲು ಮುಚ್ಚಿದ ಮಾರನೆಯ ದಿನ, ಮೀನುಗಾರರ ಮನೆಯ ಗುಲಾಬಿ ಮರಕಾಲ್ತಿ ನನ್ನ ಬಾಗಿಲಿಗೆ ಬಂದರು. ನಮ್ಮ ಎರಡು ಮನೆಗಳ ನಡುವೆ ಎಪ್ಪತ್ತೇಳು ವರ್ಷಗಳಿಂದ ಮಾತಿರಲಿಲ್ಲ. ಅವರು ಒಳಗೆ ಬರಲಿಲ್ಲ. ಅಂಗಳದಲ್ಲೇ ನಿಂತು ಹೇಳಿದರು.

"ದೋಣಿ ಮಾರೂಕಿತ್ತ್. ಊರಂಗೆ ದೋಣಿ ಕಾಂಬವ್ರ್ ನೀನೊಬ್ಳೇ. ಅದ್ಕೆ ಬಂದೆ."

ಅವರ ಮನೆಯ ಹಿತ್ತಿಲಿಗೆ ಕಡಲು ಬಂದಿತ್ತು. ದೋಣಿ ಮಾರಿ ಗುಡ್ಡದ ಮೇಲೆ ಒಂದು ಮನೆ ಹಿಡಿಯಬೇಕಿತ್ತು. ಆ ದೋಣಿಯನ್ನು ೨೦೩೨ರಲ್ಲಿ ಕಟ್ಟಿದವರು ನನ್ನ ಅಜ್ಜ ಸೂರಪ್ಪ ಆಚಾರಿ. ಕಟ್ಟಿಸಿದವರು ಗುಲಾಬಕ್ಕನ ಅಜ್ಜ ನಾಗ ಮರಕಾಲರು. ನೀರಿಗಿಳಿದ ಹನ್ನೊಂದನೆಯ ದಿನ ಬಲಬದಿಯ ಒಂದು ಹಲಗೆ ಬಿರಿದು ನೀರು ನುಗ್ಗಿತು. ಮಗುಚಿದ ದೋಣಿಯನ್ನು ಅಪ್ಪಿಕೊಂಡು ನಾಗ ಮರಕಾಲರು ದಡ ಸೇರಿದರು. ಅವರ ತಮ್ಮ ಶೀನ ಸೇರಲಿಲ್ಲ.

ಆಗ ಅಜ್ಜ ತೊಡೆ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದರು. ಹಲಗೆ ಸರಿಯಿಲ್ಲವೆಂದು ಮೊದಲೇ ತಿಳಿಸಿದ್ದೆ, ಮಗಳ ಕೈಯಲ್ಲಿ ಇಮೇಲ್ ಬರೆಸಿದ್ದೆ ಎಂದು ಅವರು ಮಲಗಿದಲ್ಲಿಂದಲೇ ಹೇಳಿದರು. ನಾಗ ಮರಕಾಲರು ಬಂದರಿನ ಕಟ್ಟೆಯ ಮೇಲೆ ನಿಂತು ತಮ್ಮ ಫೋನನ್ನು ಊರವರ ಕೈಗೆ ಕೊಟ್ಟರು. ಹತ್ತಾರು ಜನ ನೋಡಿದರು. ಅಂಥ ಪತ್ರ ಅದರಲ್ಲಿ ಇರಲಿಲ್ಲ. ಅಲ್ಲಿಗೆ ಅಜ್ಜ ಸುಳ್ಳುಗಾರರೆಂದು ತೀರ್ಮಾನವಾಯಿತು. ಆಮೇಲೆ ಅವರಿಗೆ ಯಾರೂ ದೋಣಿ ಕಟ್ಟುವ ಕೆಲಸ ಕೊಡಲಿಲ್ಲ; ಸಾಯುವವರೆಗೆ ಮಂಚ, ಬಾಗಿಲು ಮಾಡಿಕೊಂಡಿದ್ದರು. ಇಮೇಲ್ ಬರೆದ ಮಗಳು, ನನ್ನ ಜಲಜತ್ತೆ, ಕಳಿಸಿದ್ದು ನಿಜ ಎಂದು ಒಂದೆರಡು ವರ್ಷ ಹೇಳಿ ಸುಮ್ಮನಾದರು. ಮನೆಯವರಿಗೂ ಪೂರ್ತಿ ನಂಬಿಕೆ ಇರಲಿಲ್ಲ. ನನಗೂ ಇರಲಿಲ್ಲ.

ದೋಣಿ ಪರೀಕ್ಷಿಸಿದೆ. ಒಡೆದ ಹಲಗೆಯನ್ನು ಆ ವರ್ಷವೇ ಬೇರೆ ಆಚಾರಿಯಿಂದ ಬದಲಿಸಿದ್ದರು. ಉಳಿದ ಮರ ಗಂಟೆಯಂತೆ ಸದ್ದು ಕೊಡುತ್ತಿತ್ತು. ಹುಟ್ಟುಪತ್ರ ಮಾತ್ರ ಇರಲಿಲ್ಲ. ನಾಗ ಮರಕಾಲರ ಅಂಚೆಗೂಡಿನಲ್ಲಿ ಹುಡುಕೋಣವೇ ಎಂದು ಕೇಳಿದೆ.

ಅಂಚೆಗೂಡು ಎಂದರೆ ಸತ್ತವರ ಇಮೇಲ್ ಖಾತೆ. ಜಮೀನಿನಂತೆ ಅದೂ ನಮ್ಮಲ್ಲಿ ವಾರಸುದಾರರಿಗೆ ಬರುತ್ತದೆ, ನೀವು ತೆರೆದೂ ನೋಡದ, ಅಳಿಸಿದೆವೆಂದುಕೊಂಡ ಸ್ಪ್ಯಾಮ್ ಕಸದ ಸಮೇತ. ಆ ಕಸಕ್ಕೆ ನಾವು ಹೊಟ್ಟು ಎನ್ನುತ್ತೇವೆ. ಯಂತ್ರಕ್ಕೆ ಹೇಳಿದರೆ ಕ್ಷಣದಲ್ಲಿ ಹುಡುಕಿಕೊಡುತ್ತದೆ. ಆದರೆ ಎಂದೂ ಇರದಿದ್ದ ಪತ್ರಗಳನ್ನೂ ಯಂತ್ರಗಳೇ ಬರೆದುಕೊಡಲು ತೊಡಗಿದ ಮೇಲೆ ಬಂದರು ಕಚೇರಿ ಅದನ್ನು ಒಪ್ಪುವುದಿಲ್ಲ. ವಾರಸುದಾರರು, ಜೊತೆಗೊಬ್ಬ ಸಾಕ್ಷಿ ಕಣ್ಣಾರೆ ಓದಿ ಹುಡುಕಬೇಕು. ಗುಲಾಬಕ್ಕನ ಜಗಲಿಯಲ್ಲಿ ಆರು ಮಧ್ಯಾಹ್ನ ಕುಳಿತೆವು. ಲಾಟರಿ, ಕೂದಲು ಬೆಳೆಸುವ ತೈಲ, ಎಲ್ಲೋ ತಡೆದಿಟ್ಟ ಪಾರ್ಸೆಲ್, ಯಾವುದೋ ದೇಶದ ವಿಧವೆಯ ಆಸ್ತಿ. ಮೂರನೆಯ ದಿನ ಗುಲಾಬಕ್ಕ ಮೊದಲ ಬಾರಿಗೆ ನಕ್ಕರು.

"ಇಷ್ಟೆಲ್ಲ ಗೆದ್ದ್ ನಮ್ಮಜ್ಜ ಗಂಜಿ ಉಂಡ್ಕಂಡೇ ಸತ್ರಲೆ!"

ಆರನೆಯ ದಿನ 'ತುರ್ತು: ನಿಮ್ಮ ಖಾತೆ ಸ್ಥಗಿತಗೊಂಡಿದೆ' ಮತ್ತು 'ತುರ್ತು: ನಿಮ್ಮ ಸಾಲ ಮಂಜೂರಾಗಿದೆ' ಎಂಬೆರಡರ ನಡುವೆ ಇನ್ನೊಂದು ಸಿಕ್ಕಿತು. 'ತುರ್ತು: ನಿಮ್ಮ ದೋಣಿ.' ತುರ್ತು ಎಂದು ಬರೆದದ್ದಕ್ಕೇ ಅದೂ ಮೋಸದ ಪತ್ರಗಳ ಜೊತೆ ಹೊಟ್ಟಿಗೆ ಬಿದ್ದಿರಬೇಕು. ಗುಲಾಬಕ್ಕ ಗಟ್ಟಿಯಾಗಿ ಓದಿದರು.

"ನಾಗಣ್ಣನಿಗೆ ಸೂರಪ್ಪನ ನಮಸ್ಕಾರ. ನಿಮ್ಮ ಹೊಸ ಫೋನ್ ನಂಬರ್ ನಮ್ಮಲ್ಲಿಲ್ಲ. ದೋಣಿಗೆ ಹಾಕಿದ ಹೆಬ್ಬಲಸಿನ ಮರ ಕೊಲ್ಲೂರು ಅರಣ್ಯ ಡಿಪೋದ ಹರಾಜಿನದು. ಅದೇ ಮರದ ಉಳಿದ ತುಂಡನ್ನು ನಿನ್ನೆ ಕೊಯ್ಸಿದಾಗ ಒಳಗೆ ಬಿರುಕು ಕಂಡಿತು. ನಿಮ್ಮ ಬಲಬದಿಯ ಮೂರನೇ ಹಲಗೆಯೂ ಅದೇ ತುಂಡಿನದು. ಹೊರಗಿನಿಂದ ಗೊತ್ತಾಗುವುದಿಲ್ಲ. ಕಾಲು ಸರಿಯಾದ ಕೂಡಲೇ ನಾನೇ ಬದಲಿಸಿಕೊಡುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಮತ್ತೆ ನೀರಿಗೆ ಇಳಿಸಬೇಡಿ."

ತಾರೀಕು ನೋಡಿದೆವು. ಶೀನ ಸತ್ತದ್ದು ಅದಾದ ಮೂರನೆಯ ದಿನ.

ಪತ್ರದಿಂದ ಮರದ ಮೂಲ ಸಾಬೀತಾಗುತ್ತಿತ್ತು, ಜೊತೆಗೆ ಬಿರುಕೂ ಬಯಲಾಗುತ್ತಿತ್ತು. ಬಿರುಕಿನ ಹಿಂದೆ ಸಾವೂ ಹೊರಬರುತ್ತಿತ್ತು. ಜೀವ ತೆಗೆದ ದೋಣಿಯನ್ನು ನಮ್ಮ ಕರಾವಳಿಯಲ್ಲಿ ಸುಲಭಕ್ಕೆ ಯಾರೂ ಮುಟ್ಟುವುದಿಲ್ಲ. ಪತ್ರ ಕೊಡದೆ ಅರ್ಧ ಬೆಲೆಗೆ ಮಾರಿದರೆ ಹೊರಗಿನ ಗಿರಾಕಿಗಳಿಗೆ ಏನೂ ತಿಳಿಯುತ್ತಿರಲಿಲ್ಲ.

"ಎಂತ ಮಾಡುದ್ ಲೋಲಾಕ್ಷಿ?"

"ನಾನ್ ಹೇಳೂಕಾಗ ಗುಲಾಬಕ್ಕ. ಪತ್ರ ನಿಮ್ದ್," ಎಂದೆ. ಹೇಳಬೇಕೆಂಬ ಆಸೆ ನನಗೆ ಎಷ್ಟಿತ್ತೆಂದು ಇಲ್ಲಿ ಬರೆಯುವುದಿಲ್ಲ.

ಮರುದಿನ ಅವರು ಪತ್ರವನ್ನು ಬಂದರು ಕಚೇರಿಗೆ ಕೊಟ್ಟರು. ಅಷ್ಟಕ್ಕೇ ನಿಲ್ಲದೆ, ಅದರ ಪ್ರತಿಯನ್ನು ಎಂಟು ದಿನ ಸೂಚನಾ ಫಲಕದಲ್ಲಿ ಹಾಕಿಸಿದರು. ಬರಬೇಕಿದ್ದ ಇಬ್ಬರು ಗಿರಾಕಿಗಳು ಬರಲಿಲ್ಲ. ಕೊನೆಗೆ ಬೈಂದೂರಿನ ಒಬ್ಬ ಅಂಬಿಗ ಬಂದು ಪತ್ರವನ್ನು ಎರಡು ಸಲ ಓದಿದ. "ತನ್ನ ತಪ್ಪ್ ತಾನೇ ಬರ್ದ್ ಕಳ್ಸಿದ ಆಚಾರಿ, ಉಳ್ದ ಹಲ್ಗಿ ಒಳ್ಳೇದೇ ಹಾಕಿರ್ತ," ಎಂದ. ಆದರೂ ಚೌಕಾಸಿ ಮಾಡಿದ. ಹುಟ್ಟುಪತ್ರವಿಲ್ಲದ ದೋಣಿಗೆ ಸಿಗುವುದಕ್ಕಿಂತ ಚೂರು ಹೆಚ್ಚು ಸಿಕ್ಕಿತು, ಅಷ್ಟೆ. ಗುಲಾಬಕ್ಕ ಗುಡ್ಡದ ಅರ್ಧದಲ್ಲಿ ಒಂದು ಕೋಣೆಯ ಮನೆ ಹಿಡಿದಿದ್ದಾರೆ. ಮೇಲಿನವರೆಗೆ ಹೋಗಲು ಆಗಲಿಲ್ಲ.

ಜಲಜತ್ತೆ ಇನ್ನೂ ಇದ್ದಾರೆ. ತೊಂಬತ್ತೆಂಟು ವರ್ಷ, ಕಣ್ಣು ಕಾಣದು, ಕಿವಿ ಚೆನ್ನಾಗಿದೆ. ಗುಲಾಬಕ್ಕನೇ ನನ್ನ ಜೊತೆ ಬಂದು, ಅವರ ಮಂಚದ ಪಕ್ಕ ಕುಳಿತು ಪತ್ರ ಓದಿದರು. ಓದಿ ಮುಗಿಸಿ, "ನೀವ್ ಕಳ್ಸಿದ್ ಸತ್ಯ ಅಮ್ಮ. ನಾವೇ ತಪ್ಪ್ ತಿಳ್ದದ್," ಎಂದರು.

ಅತ್ತೆ ಅಳುತ್ತಾರೆ, ಇಲ್ಲವೇ ಹಗುರಾಗುತ್ತಾರೆ ಎಂದುಕೊಂಡಿದ್ದೆ. ಅವರು ಗುಲಾಬಕ್ಕನ ಕೈಯನ್ನು ತಡವಿ ಹಿಡಿದುಕೊಂಡರು.

"ಕಳ್ಸಿದ್ ನಂಗೆ ಗೊತ್ತಿದ್ದಿತ್ತ್ ಮಗಾ. ಅದಲ್ಲ. ನಿಮ್ಮನಿ ಅರ್ಧ ಗಂಟೆ ದಾರಿ. ಎದ್ದ್ ಹೋಯಿ ಹೇಳೂಕ್ ಆತಿತ್ತ್. ಕಳ್ಸಿ ಆಯ್ತಲೆ ಅಂದ್ಕಂಡ್ ಕೂತೆ."

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಒಂದು ಜೀವದ ಮಾತನ್ನು ಕಳಿಸಿ, ಅದಕ್ಕೆ ಉತ್ತರ ಬಾರದಿದ್ದರೆ, ತಲುಪಿರಬಹುದೆಂದು ಕೂರಬೇಡಿ. ಚಪ್ಪಲಿ ಮೆಟ್ಟಿ ಹೊರಡಿ.

ಇಂತು,
ಲೋಲಾಕ್ಷಿ ಆಚಾರಿ